ನೀರಿನಲ್ಲಿ ಸೋತ ಅಣು

ನಿನ್ನೆ ಚಿಂತಾಮಣಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯ ಸೀಸೆಯೊಂದರ ಮುಚ್ಚಳ ತೆಗೆದೆ. ಒಳಗೆ ಕಿತ್ತಳೆ ಬಣ್ಣದ ಹರಳು. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಸುಮಯ್ಯಾ, ಕರ್ಪೂರದ ವಾಸನೆ ಬರುತ್ತಿದೆಯಲ್ಲ ಎಂದಳು. ಫೆರೊಸೀನಿನ ವಾಸನೆಯೇ ಹಾಗೆ. ಎರಡು ಇಂಗಾಲದ ಬಳೆಗಳ ನಡುವೆ ಒಂದು ಕಬ್ಬಿಣದ ಪರಮಾಣು ಕೂತರೆ ಅದು ಫೆರೊಸೀನ್. ಅದರ ಜೊತೆ ನಾನು ಐದು ವರ್ಷ ಕಳೆದಿದ್ದೇನೆ. ಮದುವೆಯಾದ ಹೊಸದರಲ್ಲಿ ಗಂಡನ ಮುಖವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದಾಗ ಆ ಅಣುವಿಗೆ ಎರಡು ತೋಳು ಜೋಡಿಸುವುದು ನನ್ನ ಕೆಲಸವಾಗಿತ್ತು. ತೋಳುಗಳು ಫ್ಲೋರೈಡನ್ನು ಹಿಡಿದುಕೊಂಡರೆ ಹಳದಿ ದ್ರಾವಣ ನೇರಳೆಯಾಗಬೇಕು. ಹೀಗೆ ಒಂದು ಅಣು ಇನ್ನೊಂದನ್ನು ಗುರುತಿಸಿ ಮೆಲ್ಲಗೆ ಹಿಡಿಯುವ ವಿದ್ಯೆಗೆ ಬಾಯಿ ತುಂಬುವಂಥ ಹೆಸರೊಂದಿದೆ, ಅದು ಬಿಡಿ. ಫ್ಲೋರೈಡೇ ಏಕೆಂದರೆ ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ರತ್ನಮ್ಮ ಇದ್ದರು. ಹುಟ್ಟಿದ್ದೂ ಮದುವೆಯಾಗಿ ಸೇರಿದ್ದೂ ಅದೇ ಊರು. ಅಲ್ಲಿನ ನೀರಿನ ಫ್ಲೋರೈಡಿಗೇ ಇರಬೇಕು, ಅವರ ಹಲ್ಲು ಕಂದು ತಿರುಗಿ ಮಂಡಿ ಸೊಟ್ಟಗಾಗಿತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಬಗ್ಗಿದರೆ ಏಳಲು ಕಷ್ಟಪಡುತ್ತಿದ್ದರು.

ಕೊನೆಗೊಂದು ದಿನ ಲ್ಯಾಬಿನಲ್ಲಿ ಬಣ್ಣ ತಿರುಗಿತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದು ಭಾನುವಾರ ಪುಟ್ಟ ಸೀಸೆ ಹಿಡಿದು ಹಳ್ಳಿಗೆ ಹೋದೆ. ಚಿಕ್ಕಮ್ಮನ ಜಗಲಿಯಲ್ಲಿ ಹತ್ತು ಜನ ಸೇರಿದರು. ಸಣ್ಣ ಭಾಷಣವನ್ನೂ ಮಾಡಿ, ಬೋರ್‌ವೆಲ್ ನೀರನ್ನು ಹನಿಹನಿಯಾಗಿ ಬಿಟ್ಟೆ. ಹಳದಿ ಹಳದಿಯಾಗಿಯೇ ಉಳಿಯಿತು.

ನಮ್ಮ ನೀರಲ್ಲಿ ಏನೂ ಇಲ್ಲವಂತೆ ಎಂದು ಪಕ್ಕದ ಮನೆಯವರೊಬ್ಬರು ಸಮಾಧಾನದಿಂದ ಎದ್ದರು. ಶುದ್ಧ ನೀರು ಬೇಕೆಂದು ಪಂಚಾಯಿತಿಗೆ ಕೊಡಲು ಊರಿನವರು ಬರೆದಿದ್ದ ಅರ್ಜಿ ಇನ್ನು ಬೇಡ ಎಂಬ ಮಾತೂ ಬಂತು. ಲ್ಯಾಬಿನಲ್ಲಿ ಬಣ್ಣ ತಿರುಗಿದ್ದು ನೀರಿಲ್ಲದ ದ್ರಾವಣದಲ್ಲಿ. ನೀರಿದ್ದಲ್ಲಿ ಫ್ಲೋರೈಡನ್ನು ಆ ನೀರೇ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಅದರಿಂದ ಬಿಡಿಸುವ ಶಕ್ತಿ ನನ್ನ ಅಣುವಿಗಿಲ್ಲ. ಇದನ್ನು ಓದಿ ತಿಳಿದಿದ್ದೆ, ಹುಮ್ಮಸ್ಸಿನಲ್ಲಿ ಬದಿಗಿಟ್ಟಿದ್ದೆ.

ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ನಿಜ ಹೇಳಮ್ಮ, ನೀರು ಚೆನ್ನಾಗೈತಾ, ಇಲ್ಲ ನಿನ್ ಔಷಧಿ ಕೆಲ್ಸ ಮಾಡ್ಲಿಲ್ವಾ?"

"ಔಷಧಿ ಕೆಲ್ಸ ಮಾಡ್ಲಿಲ್ಲ ಚಿಕ್ಕಮ್ಮ. ಇದನ್ನ ನಂಬ್ಕೊಂಡು ಆ ನೀರು ಕುಡೀಬೇಡಿ."

ಯಾರೋ ನಕ್ಕರು. ಚಿಕ್ಕಮ್ಮ ಮಾತ್ರ ಎದ್ದು ಒಂದು ಬಾಟಲಿಗೆ ನೀರು ತುಂಬಿ, "ಸರ್ಯಾಗಿ ನೋಡೋರ ಹತ್ರ ತೋರ್ಸು, ಹೋಗು" ಎಂದರು. ಮರುದಿನ ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆಗೆ ಕೊಟ್ಟೆ. ಫ್ಲೋರೈಡ್ ಮಿತಿಮೀರಿತ್ತು. ಆ ಫಲಿತಾಂಶದ ಚೀಟಿ ಅರ್ಜಿಯ ಜೊತೆ ಹೋಯಿತು; ಎರಡು ಬೇಸಿಗೆ ಕಳೆದ ಮೇಲೆ ಊರಿಗೆ ಶುದ್ಧ ನೀರಿನ ಘಟಕ ಬಂತು. ಚಿಕ್ಕಮ್ಮನ ಮಂಡಿ ನೆಟ್ಟಗಾಗಲಿಲ್ಲ. ನಾನು ಸೋತದ್ದನ್ನೂ ಪ್ರಬಂಧದಲ್ಲಿ ಬರೆದು, ಪದವಿ ಪಡೆದು, ಪಾಠ ಹೇಳಲು ಇಲ್ಲಿಗೆ ಬಂದುಬಿಟ್ಟೆ.

ಇದನ್ನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ. ನಿನ್ನೆ ಸುಮಯ್ಯಾಗೆ ಹೇಳಿದೆ. ಅವಳು ಕೇಳಿದಳು: "ನೀರಲ್ಲೂ ಹಿಡಿಯೋ ಹಂಗೆ ತೋಳು ಬದಲಾಯ್ಸೋಕಾಗಲ್ವಾ ಮೇಡಂ?"

ಕೆಲವರು ಆ ದಾರಿಯಲ್ಲಿ ಸಾಕಷ್ಟು ದೂರ ಹೋಗಿದ್ದಾರೆ, ನಾನು ಅರ್ಧಕ್ಕೇ ನಿಂತೆ ಎಂದೆ. ಹಾಗೆಂದವಳೇ ಸೀಮೆಸುಣ್ಣ ತೆಗೆದುಕೊಂಡು, ಇಷ್ಟು ವರ್ಷಗಳ ಮೇಲೆ, ಆ ಅಣುವನ್ನು ಬೋರ್ಡಿನ ಮೇಲೆ ಬರೆಯತೊಡಗಿದೆ. ತೋಳುಗಳಿದ್ದ ಜಾಗವನ್ನು ಖಾಲಿ ಬಿಟ್ಟು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.