ಹೊಂಗೆ ಮರದಡಿ ಮಲಗಿದ ಕುರಿಗಳು

ದೆವ್ವ, ಗಾಳಿ, ಶಕುನ ಅಂತ ಯಾರಾದ್ರೂ ಬಾಯಿ ತೆಗೆದ್ರೆ ಎದ್ದು ಹೋಗ್ತಿದ್ದ ಆಸಾಮಿ ನಾನು. ಲೇತ್ ಮೆಷಿನ್ ಮುಂದೆ ನಿಂತು ಕೂದಲೆಳೆ ಅಳತೆ ನೋಡೋನಿಗೆ ಅವೆಲ್ಲ ಯಾಕೆ ಬೇಕು? ಕಣ್ಣಿಗೆ ಕಂಡದ್ದೇ ನಿಜ ಅಂತ ವಾದ ಮಾಡ್ತಿದ್ದೆ. ಈಗ ಅದೇ ಕಣ್ಣಿಗೆ ಕಂಡದ್ದನ್ನ ಹೇಳೋಕೆ ಕೂತಿದ್ದೀನಿ. ನಂಬೋದು ಬಿಡೋದು ನಿಮಗೆ ಸೇರಿದ್ದು.

ಮರಳವಾಡಿ ಕಡೆ ನಮ್ಮದು ಕುರಿ ಸಾಕೋ ಮನೆತನ. ನಮ್ಮ ಮುತ್ತಾತ ಎಲ್ಲಿಂದಲೋ ಕುರಿ ಹೊಡ್ಕೊಂಡು ಬಂದು, ನಡುಮಧ್ಯಾಹ್ನ ಮಂದೆ ಎಲ್ಲಿ ಮಲಗಿತೋ ಅಲ್ಲೇ ಹಟ್ಟಿ ಹಾಕಿ, ಅಲ್ಲೇ ಬಾವಿ ತೋಡಿದನಂತೆ. "ಬಿಸಿಲಾಗೆ ಕುರಿ ಮನಿಕ್ಕಂಡ ಕಡೇನೇ ನೀರು, ಅಲ್ಲೇ ಮನೆ ಕಣ್ಲಾ" ಅಂತ ಅಪ್ಪ ಸಾವಿರ ಸಲ ಹೇಳಿರಬೇಕು. "ಕುರಿ ಏನು ಇಂಜಿನಿಯರ್ರೇನಪ್ಪಾ?" ಅಂತ ನಾನು ನಗ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಫ್ಯಾಕ್ಟರಿಗಳು ಬಂದವು. ಕುರಿ ಮೇಯ್ತಿದ್ದ ಗೋಮಾಳದ ಸುತ್ತ ಕಾಂಪೌಂಡ್ ಎದ್ದಿತು. ಅದರೊಳಗೇ ನನಗೆ ಕೆಲಸ ಸಿಕ್ಕಿತು ಅನ್ನೋದೂ ನಿಜ. ಹಟ್ಟಿನೂ ಖಾಲಿ ಮಾಡಬೇಕು ಅಂತ ಗಡುವು ಕೊಟ್ರು. ಎರಡು ಮೈಲಿ ಆಚೆ ಕಲ್ಲುಗುಡ್ಡದ ಮಗ್ಗುಲಲ್ಲಿ ಒಂದು ತುಂಡು ಜಮೀನು ಹಿಡಿದ್ವಿ. ಮೇಯಿಸೋಕೆ ಜಾಗ ಇಲ್ಲದ ಮೇಲೆ ಕುರಿ ಯಾಕೆ ಅಂದ್ಕೊಂಡು, ಅಪ್ಪ ಕುದೂರಿಗೆ ನೆಂಟರ ಮದುವೆಗೆ ಹೋದ ದಿನ, ಒಂದು ಮಾತೂ ಕೇಳದೆ ನಲವತ್ತನ್ನೂ ವ್ಯಾಪಾರಿಯ ಲಾರಿ ಹತ್ತಿಸಿಬಿಟ್ಟೆ.

ಅಪ್ಪ ಬಂದು ಖಾಲಿ ದೊಡ್ಡಿ ನೋಡಿದ. ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಅವತ್ತಿಂದ ನನ್ನ ಜೊತೆ ಮಾತೇ ಬಿಟ್ಟ. ಎರಡು ತಿಂಗಳು! ಊಟಕ್ಕೆ ಕರೆಯೋಕೂ ನನ್ನ ಹೆಂಡತಿಯೇ ಹೋಗಬೇಕು. ಹೊಸ ಜಾಗದಲ್ಲಿ ಮನೆ ಕಟ್ಟಿದ್ರೆ ಬರ್ತೀರಾ ಮಾವ ಅಂತ ಅವಳು ಕೇಳಿದ್ದಕ್ಕೆ, "ಕುರಿ ಮನಿಕ್ಕಳ್ದಿರೋ ಜಾಗ್ದಾಗೆ ನಾನಿರಕಿಲ್ಲ ಕಣವ್ವ" ಅಂದನಂತೆ. ಆದ್ರೂ ನಾನು ಅಲ್ಲಿ ಬೋರ್ ಕೊರೆಸೋಕೆ ದಿನ ಗೊತ್ತು ಮಾಡಿದೆ.

ಬೋರ್ ಲಾರಿ ಬಂತು. ತೆಂಗಿನಕಾಯಿ ಹಿಡಿದು ನೀರು ನೋಡೋನು ಜಮೀನಿನ ಮೂಲೆಯಲ್ಲಿ ಪಾಯಿಂಟ್ ಗುರುತು ಹಾಕಿದ್ದ. ಸೊಸೆಯ ಬಲವಂತಕ್ಕೆ ಬಂದಿದ್ದ ಅಪ್ಪ, ಕಂಬಳಿ ಹೆಗಲ ಮೇಲೆ ಹಾಕ್ಕೊಂಡು, ನಮಗೆಲ್ಲ ಬೆನ್ನು ಹಾಕಿ ಒಂದು ಬಂಡೆ ಮೇಲೆ ಕೂತಿದ್ದ. ಮುನ್ನೂರು ಅಡಿ ಇಳಿದ್ರೂ ಬರೀ ಕಲ್ಲಿನ ಹಿಟ್ಟು. ಆ ಬಿಳಿ ಧೂಳು ಮೇಲೆದ್ದು ಇಡೀ ಹೊಲ ತುಂಬಿಕೊಳ್ತು. ಪಕ್ಕದಲ್ಲಿದ್ದ ಬೋರ್ ಮೇಸ್ತ್ರಿಯೂ ಕಾಣದಂಗಾದ. ಆಗ ಹೊತ್ತು ನೆತ್ತಿ ಮೇಲಿತ್ತು.

ಮೆಷಿನ್ ಸದ್ದು ಹಾಗೇ ದೂರ ದೂರ ಹೋಯ್ತು, ಬಾವೀಲಿ ಮುಳುಗು ಹಾಕಿದಾಗ ದಡದ ಮಾತು ಕೇಳಿಸ್ತದಲ್ಲ, ಹಂಗೆ. ಅದರ ಜಾಗದಲ್ಲಿ ಗಂಟೆ ಸದ್ದು. ಉಣ್ಣೆಯ ವಾಸನೆ ಬಂತು. ಮೊಣಕಾಲಿಗೆ ಏನೋ ಬೆಚ್ಚಗೆ ಒರೆಸಿಕೊಂಡು ಹೋಯ್ತು. ನೋಡ್ತೀನಿ, ನಮ್ಮ ಕುರಿಗಳು! ಮುಂದೆ ಎಡಗಿವಿ ಹರಿದಿದ್ದ ಕೆಂಚಿ. ಅವಳನ್ನ ಲಾರಿಗೆ ನೂಕಿದ್ದು ನನ್ನ ಇದೇ ಕೈ. ಅವಸರವಿಲ್ಲದೆ, ಧೂಳಲ್ಲಿ ತೇಲಿದಂಗೆ ನಡೆದು, ಜಮೀನಿನ ನಡುವಿನ ಹೊಂಗೆ ಮರದ ಕೆಳಗೆ ಒಂದೊಂದಾಗಿ ಮಂಡಿಯೂರಿ ಮಲಗಿದವು. ನಾನೂ ಅವುಗಳ ಮಧ್ಯೆ ದಾರಿ ಮಾಡ್ಕೊಂಡು ಹೋದೆ. ಕೆಂಚಿ ಮೆಲುಕು ಹಾಕ್ತಾ ನನ್ನನ್ನ ನೋಡಿದಳು. ಭಯ ಅನ್ನೋದು ಎಳ್ಳಷ್ಟೂ ಇರಲಿಲ್ಲ ಕಣ್ರೀ. ಅಳು ಬಂತು.

ಮೆಷಿನ್ ನಿಂತಿತು. ಧೂಳು ಇಳೀತು. ಹೊಂಗೆ ಮರದ ಕೆಳಗೆ ನಾನೊಬ್ಬನೇ. ನೆಲದ ಬಿಳಿ ಹಿಟ್ಟಿನ ಮೇಲೆ ಗೊರಸಿನ ಗುರುತು ಒಂದೂ ಇಲ್ಲ. ನನ್ನ ಹೆಜ್ಜೆಗಳು ಮಾತ್ರ, ಕುಡಿದವನ ಹಂಗೆ ಸೊಟ್ಟಸೊಟ್ಟ.

ಅಷ್ಟರಲ್ಲಿ, ಬಂಡೆ ಮೇಲೆ ಬೆನ್ನು ಹಾಕಿ ಕೂತಿದ್ದ ಅಪ್ಪ, ತಿರುಗಿ ಕೂಡ ನೋಡದೆ ಕೇಳಿದ:

"ಮನಿಕ್ಕಂಡ್ವೇನ್ಲಾ?"

ಎರಡು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. "ಮನಿಕ್ಕಂಡ್ವು ಕಣಪ್ಪಾ" ಅಂದೆ.

ಅಪ್ಪ ಎದ್ದು ಬಂದು ಹೆಗಲ ಕಂಬಳೀನ ಮರದಡಿ ಹಾಸಿದ. "ಇಲ್ಲೇ ಒಸಿ ಪಕ್ಕಕ್ಕೆ ಕೊರಸ್ಲಾ" ಅಂದ. ಮೇಸ್ತ್ರಿ ಗೊಣಗಿಕೊಂಡೇ ಲಾರಿ ತಿರುಗಿಸಿದ. ಸಂಜೆ ಹೊತ್ತಿಗೆ ನೀರು ಬಂತು.

ನೀರಿನ ವಿಷಯ ಬಿಡಿ. ಹೊಂಗೆ ಬೇಸಿಗೇಲೂ ಹಸಿರಾಗಿರೋ ಕಡೆ ನೀರಿರ್ತದೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಬಿಸಿಲು, ಖಾಲಿ ಹೊಟ್ಟೆ, ಮನಸ್ಸಿನೊಳಗಿನ ತಪ್ಪು ಸೇರಿ ನನಗೆ ಕುರಿ ಕಂಡವು ಅಂತಲೂ ಇಟ್ಕೊಳ್ಳೋಣ. ಆದ್ರೆ ನಾನು ತುಟಿ ಪಿಟಕ್ ಅಂದಿರಲಿಲ್ಲವಲ್ಲ, ಅಪ್ಪನಿಗೆ ಹೇಳಿದವರು ಯಾರು? ಆಮೇಲೆ ಅಲ್ಲೇ ಮನೆ ಕಟ್ಟಿ ಆರು ವರ್ಷ ಒಟ್ಟಿಗಿದ್ವಿ. ಒಂದು ದಿನವೂ ನಾನು ಅದನ್ನ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಮತ್ತೆ ಮಾತು ನಿಂತುಹೋಗ್ತದೋ ಅಂತ ಅಂಜಿಕೆ. ಈಗ ಕೇಳೋಣ ಅಂದ್ರೆ ಅಪ್ಪ ಇಲ್ಲ.

ನಡುಮಧ್ಯಾಹ್ನ ಆ ಮರದಡಿ ಹೋಗಬೇಕಾದ್ರೆ ಈಗಲೂ ನಾನು ಸೀದಾ ನಡೆಯೋದಿಲ್ಲ. ಮಲಗಿದವನ್ನ ತುಳಿಯಬಾರದಲ್ಲ, ಕಾಲೆತ್ತಿ ಕಾಲೆತ್ತಿ ಇಡ್ತೀನಿ.