ಅಳತೆಯಕ್ಕ ಒಂದೇ ಸಲ ಕೇಳುತ್ತಾಳೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಕ್ಕದ ಕೋಣೆಯಲ್ಲಿ ತಾಯಿಯ ಉಸಿರಾಟದ ಯಂತ್ರ ಬುಸ್ಸೆಂದು ಗಾಳಿ ಬಿಡುತ್ತಿದೆ. ಅಡುಗೆಮನೆಯ ಮೇಜಿನ ಮೇಲೆ ಮಗಳು ಕಂಪ್ಯೂಟರ್ ತೆರೆದು ಕೂತಿದ್ದಾಳೆ. ಅಂಥ ಯಂತ್ರಗಳಿಗೆಲ್ಲ ಇವತ್ತು ಬೆಳಿಗ್ಗೆಯೇ ಹೋಗಬೇಕಾದ ಹೊಸ ಕೋಡ್ ಅವಳ ಒಪ್ಪಿಗೆಗೆ ಕಾದಿದೆ, ಅದರಲ್ಲೊಂದು ತೂತು ಕಂಡಿದೆ.

ಜೊತೆಗೆ ಕೆಲಸ ಮಾಡುವವರ ಬಾಯಲ್ಲಿ ಈಕೆ ಅಳತೆಯಕ್ಕ. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎಂದು ಹೆಸರು. ಹೊರಗಿನ ಪ್ರೋಗ್ರಾಮುಗಳು ಅದಕ್ಕೆ ಮಾಹಿತಿ ಕೊಡುವಾಗ ಅದು ಎಷ್ಟು ಉದ್ದವಿದೆ ಎಂದೂ ಹೇಳುತ್ತವೆ. ಆ ಮಾತನ್ನು ಕರ್ನಲ್ ಕಣ್ಣುಮುಚ್ಚಿ ನಂಬದಂತೆ ನೋಡಿಕೊಳ್ಳುವುದೇ ಇವಳ ಕೆಲಸ. ಲೋಟಕ್ಕೆ ಒಂದು ಕೊಡ ನೀರು ಸುರಿದರೆ ನೆಲ ಒದ್ದೆಯಾದೀತು, ಅಷ್ಟೆ. ಇಲ್ಲಿ ಹೆಚ್ಚಾಗಿ ಚೆಲ್ಲಿದ ಮಾಹಿತಿ, ಯಂತ್ರದ ನೆನಪಿನಲ್ಲಿ ಪಕ್ಕದಲ್ಲೇ ಇರುವ ಉಸಿರಿನ ಲೆಕ್ಕವನ್ನು ಅಳಿಸಿಬಿಡಬಹುದು.

ಕೋಡ್ ಬರೆದವನು ಅಳತೆ ನೋಡಿಲ್ಲವೆಂದಲ್ಲ. ಉದ್ದ ಎಷ್ಟೆಂದು ಒಮ್ಮೆ ಕೇಳಿ, ಸರಿಯಿದೆ ಎಂದು ಒಪ್ಪಿ, ಸುರಿಯುವ ಹೊತ್ತಿಗೆ ಮತ್ತೆ ಹೊರಗಿನ ಪ್ರೋಗ್ರಾಮನ್ನೇ ಕೇಳಿದ್ದಾನೆ! ನಡುವೆ ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ, ನಿಜ. ಆದರೆ ಹೊರಗೆ ಹೊಂಚುಹಾಕಿದ ಕಳ್ಳನಿಗೆ ಉದ್ದದ ಸಂಖ್ಯೆ ಬದಲಿಸಲು ಅಷ್ಟೇ ಸಾಕು.

"ಮೊದಲ್ನೇ ಸಲ ಹೇಳಿದ್ದನ್ನ ನಮ್ಮ ಹತ್ರ ಇಟ್ಕೊಂಡುಬಿಡ್ಬೇಕು. ಮತ್ತೆ ಕೇಳಿದ್ರೋ, ಕೆಟ್ರಿ," ಎಂಬುದು ಜೊತೆಯವರಿಗೆ ಅಳತೆಯಕ್ಕ ಹೇಳುವ ಪಾಠ.

ಮನೆಯಲ್ಲೂ ಇದೇ ಚಾಳಿ ಎಂದು ಗಂಡ ಕಿಚಾಯಿಸುತ್ತಾನೆ. ಚಹಾಕ್ಕೆ ಸಕ್ಕರೆ ಎಷ್ಟೆಂದು ಮದುವೆಯಾದ ಹೊಸದರಲ್ಲಿ ಕೇಳಿದವಳು ಮತ್ತೆ ಕೇಳೇ ಇಲ್ಲವಂತೆ. ಡಾಕ್ಟರು ಸಕ್ಕರೆ ಬಿಡು ಎಂದಮೇಲೂ ಅದೇ ಎರಡು ಚಮಚ ಬೀಳುತ್ತಿದೆಯಂತೆ.

ಇವತ್ತು ಅವಳಿಗೆ ನಗು ಬರುತ್ತಿಲ್ಲ. ಮೇಲಧಿಕಾರಿಯ ಫೋನ್ ಬಂದಿದೆ. ಎಲ್ಲ ಸಿದ್ಧವಾಗಿದೆ, ಈಗ ಒಪ್ಪಿಗೆ ಕೊಡಿ, ಮುಂದಿನ ಸಲ ಸರಿಮಾಡಿದರಾಯಿತು, ಇಷ್ಟು ಸಣ್ಣ ಸಂದು ಯಾರಿಗೆ ಸಿಗುತ್ತದೆ ಎನ್ನುತ್ತಾರೆ. ತಡೆದರೆ ಕೆಲಸಕ್ಕೆ ಕುತ್ತು. ಬಿಟ್ಟರೆ? ಗೋಡೆಯಾಚೆಯ ಬುಸ್ ಸದ್ದಿಗೆ ಕಿವಿಗೊಡುತ್ತಾಳೆ.

"ನಂಗೆ ಸಿಕ್ತಲ್ಲ ಸಾರ್," ಎನ್ನುತ್ತಾಳೆ.

ಮೇಲಧಿಕಾರಿ ಇನ್ನೊಂದೆರಡು ಸಲ ಒತ್ತಾಯಿಸಿ ನೋಡುತ್ತಾರೆ. ಕೊನೆಗೆ, ಸರಿಮಾಡಿ ಕಳಿಸಿ, ಸಂಜೆಯವರೆಗೆ ಕಾಯುತ್ತೇವೆ ಎಂದು ಗೊಣಗಿ ಫೋನ್ ಇಡುತ್ತಾರೆ. ಅವಳು ಎದ್ದು ಹೋಗಿ ತಾಯಿಯ ಹೊದಿಕೆ ಸರಿಪಡಿಸಿ ಬರುತ್ತಾಳೆ. ಭಯ ಮಾತ್ರ ಹೋಗಿಲ್ಲ. ಈಗಾಗಲೇ ಯಂತ್ರದೊಳಗೆ ಸೇರಿರುವ ಹಳೆಯ ಕೋಡಿನಲ್ಲಿ ಕಣ್ತಪ್ಪಿದ್ದು ಇನ್ನೆಷ್ಟಿದೆಯೋ ಯಾರು ಬಲ್ಲರು? ಬಿಡುವಾದಾಗಲೆಲ್ಲ ಅದನ್ನೂ ಓದುತ್ತಾಳೆ.

ಇಷ್ಟು ಬೇಗ ಎದ್ದು ಅದೇನು ಮಾಡುತ್ತೀಯೆಂದು ತಾಯಿ ದಿನವೂ ಕೇಳುತ್ತಾರೆ. ಇವಳು ಏನೋ ಒಂದು ಹೇಳಿ ಮಾತು ತೇಲಿಸುತ್ತಾಳೆ. ಯಾಕೆಂದು ಗಂಡನಿಗೆ ಮಾತ್ರ ಹೇಳಿದ್ದಾಳೆ.

"ನನ್ ಕೆಲ್ಸ ಏನು ಅಂತ ಅಮ್ಮಂಗೆ ಗೊತ್ತಾಗೋದೇ ಬೇಡ. ಆ ಯಂತ್ರ ಕೈಕೊಟ್ಟು ಗೊತ್ತಾಯ್ತು ಅಂದ್ರೆ, ಅವತ್ತು ನಾನು ಎಲ್ಲೋ ತಪ್ಪಿದೀನಿ ಅಂತ."