ಪೇಟಿ ಮಾಸ್ತರನ ಫಟಫಟಿ

ಹೋದ ವಾರ ಕೊಟ್ಟೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಒಂದು ಘಟನೆ ನಡೆಯಿತು. ಘಟನೆ ಎನ್ನುವಷ್ಟು ದೊಡ್ಡದೇನಲ್ಲ ಬಿಡಿ. ನನ್ನ ಮೊಣಕಾಲುಗಳು ಈಚೆಗೆ ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಮೊಣಕಾಲೂರಿಸಿ ಕೂರಿಸಿದ ಪಾಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬಸ್ಸಿನ ಕೊನೆಯ ಮೆಟ್ಟಿಲ ಮೇಲೆ ನಿಂತು, ಯಾವ ಕಾಲನ್ನು ಮೊದಲು ಕೆಳಗಿಡುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕೆಳಗೆ ನಿಂತಿದ್ದ ಗಟ್ಟಿಮುಟ್ಟಾದ ತರುಣನೊಬ್ಬ, ‘ಬರ್ರಿ ಅಜ್ಜಾರ’ ಎಂದವನೇ ಕಂಕುಳಿಗೆ ಎರಡೂ ಕೈ ಹಾಕಿ, ನನ್ನನ್ನು ಅನಾಮತ್ತಾಗಿ ಎತ್ತಿ ನೆಲದ ಮೇಲೆ ಇಟ್ಟುಬಿಟ್ಟ. ಅವನ ಅಂಗಿ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ಯಾವುದೋ ಗ್ಯಾರೇಜಿನವನಿರಬೇಕು. ಒಳ್ಳೆಯ ಮನಸ್ಸಿನಿಂದಲೇ ಎತ್ತಿದ್ದ. ನಾನೂ ಹಲ್ಲು ಕಿರಿದು, ಪುಣ್ಯ ಬರಲಪ್ಪಾ ಎಂದೆ. ಆದರೆ ಎರಡು ಕಾಲೂ ನೆಲ ಬಿಟ್ಟು ಗಾಳಿಯಲ್ಲಿ ತೂಗಾಡಿದ ಆ ಗಳಿಗೆಯಲ್ಲಿ ನಾನು ಯಾರದೋ ಗಂಟುಮೂಟೆಯಾಗಿದ್ದೆ. ಓಹೋ, ಅಣ್ಣನಿಗೆ ಹೀಗಾಗುತ್ತಿತ್ತೇನೋ ಎಂದುಕೊಂಡೆ.

ಅಣ್ಣನ ಬಗ್ಗೆ ನಿಮಗೆ ಹೇಳಬೇಕು. ಕೊಟ್ರಪ್ಪ ಅವನ ಹೆಸರು. ಆದರೆ ಆ ಹೆಸರು ಅವ್ವ ಒಬ್ಬಳ ಬಾಯಲ್ಲಿ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಪೇಟಿ ಮಾಸ್ತರ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಆಗೆಲ್ಲ ಸುಗ್ಗಿ ಮುಗಿಯಿತೆಂದರೆ ಪ್ರತಿ ಊರಿನಲ್ಲೂ ಒಂದು ನಾಟಕ ಆಡಲೇಬೇಕು. ನಾಟಕಕ್ಕೆ ಹಾಡು ಬೇಕು, ಹಾಡು ಕಲಿಸಲು ಪೇಟಿ ಮಾಸ್ತರ ಬೇಕು. ಕೂಡ್ಲಿಗಿ ಸೀಮೆಯಿಂದ ಹಡಗಲಿಯ ತನಕ ಅಣ್ಣನಿಗೆ ಶಿಷ್ಯರಿದ್ದರು. ಕತ್ತೆಯ ಗಂಟಲಿನವನನ್ನೂ ಅವನು ಹೇಗೋ ಒಂದು ಮಟ್ಟಕ್ಕೆ ತಂದು ನಿಲ್ಲಿಸುತ್ತಿದ್ದ. ನನಗೆ ಮಾತ್ರ ಕಲಿಸಲಿಲ್ಲ. ಇವನಿಗೆ ಹೆಗಲು ಐತಿ, ಗಂಟಲು ಇಲ್ಲ ಎಂದು ನಗುತ್ತಿದ್ದ.

ಹೆಗಲು ಇದ್ದದ್ದು ನಿಜ. ಎಳೆಯ ವಯಸ್ಸಿನಲ್ಲಿ ಬಂದ ಜ್ವರ ಅಣ್ಣನ ಬಲಗಾಲನ್ನು ತಿಂದುಹಾಕಿತ್ತು. ಬಲಗೈಯಿಂದ ಆ ಮೊಣಕಾಲನ್ನು ಒತ್ತಿ ಹಿಡಿದು ಒಂದೊಂದೇ ಹೆಜ್ಜೆ ಹಾಕುತ್ತಿದ್ದ. ಮನೆಯಿಂದ ಊರ ಅಗಸಿ ಬಾಗಿಲಿನವರೆಗೆ ಸರಿ. ಅದರಾಚೆಗೆ ಅವನ ಮೊದಲ ವಾಹನ ನಾನೇ. ಶಾಲೆಗೆ, ಸಂತೆಗೆ, ಭಜನೆಗೆ ಅವನನ್ನು ಬೆನ್ನ ಮೇಲೆ ಹೊತ್ತವನು ನಾನು. ಪೆಟ್ರೋಲು ಬೇಕಿರಲಿಲ್ಲ, ಒಂದು ಪೊಟ್ಟಣ ಮಂಡಕ್ಕಿ, ಎರಡು ಮಿರ್ಚಿ ಸಾಕಾಗುತ್ತಿತ್ತು. ನನಗೆ ಮೇಷ್ಟ್ರ ಕೆಲಸ ಸಿಕ್ಕ ಮೇಲೂ ರಜೆಯ ದಿನ ಅವನನ್ನು ಬಸ್ಸಿಗೆ ಎತ್ತಿ ಹಾಕುವುದು, ಇಳಿಸುವುದು ನನ್ನ ಕೆಲಸವೇ. ನಾನಿಲ್ಲದಾಗ ಊರವರು ಎತ್ತುತ್ತಿದ್ದರು. ಅವನು ಏನೂ ಅನ್ನುತ್ತಿರಲಿಲ್ಲ. ಅನ್ನುವುದಿಲ್ಲವೆಂದರೆ ಅನ್ನಿಸುವುದೂ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ಸಲ ಹಿರೇಹಡಗಲಿಯ ಕಡೆಯ ಒಂದು ಊರಿನಲ್ಲಿ ನಾಟಕ. ರಂಗದ ಮುಂದೆ ಜನ ಕಿಕ್ಕಿರಿದಿದ್ದಾರೆ. ಇಬ್ಬರು ಬಂದು ಪೇಟಿಯನ್ನು ಎತ್ತಿ ಇಟ್ಟರು, ಮತ್ತಿಬ್ಬರು ಬಂದು ಅಣ್ಣನನ್ನು ಎತ್ತಿ ಅದರ ಹಿಂದೆ ಇಟ್ಟರು. ಗುಂಪಿನಲ್ಲಿ ಯಾರೋ, ‘ಪೇಟಿಗಿಂತ ಮಾಸ್ತರ ಹಗರ ಅದಾನ ನೋಡ್ರಲೇ’ ಎಂದ. ಕೆಟ್ಟ ಬುದ್ಧಿಯಿಂದ ಅಂದದ್ದಲ್ಲ, ಸುಮ್ಮನೆ ತಮಾಷೆ. ಜನ ನಕ್ಕರು. ಅಣ್ಣನೂ ನಕ್ಕ, ನಾಟಕ ಮುಗಿಯುವವರೆಗೆ ಚೆನ್ನಾಗಿಯೇ ಬಾರಿಸಿದ. ಮನೆಗೆ ಬಂದವನು ಪೇಟಿಗೆ ಅವ್ವನ ಹಳೆಯ ಸೀರೆ ಸುತ್ತಿ ಅಟ್ಟಕ್ಕೆ ಹಾಕಿಸಿದ. ಇನ್ನು ಮೇಲೆ ಯಾರ ಕೈಯಲ್ಲೂ ಎತ್ತಿಸಿಕೊಳ್ಳದೆ ತಾನೇ ಹೋಗಬಹುದಾದ ಊರಿಗಷ್ಟೇ ಹೋಗುತ್ತೇನೆ ಎಂದ. ಅಂಥ ಊರು ಯಾವುದೂ ಇರಲಿಲ್ಲವಲ್ಲ! ಮರುದಿನದಿಂದ ಕರೆಯಲು ಬಂದ ಗಾಡಿಗಳೆಲ್ಲ ಹಾಗೆಯೇ ತಿರುಗಿ ಹೋದವು. ಅವ್ವ ಅಟ್ಟದ ಕಡೆ ನೋಡಿ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪೇಟಿ ಬಿಟ್ಟ ಅಣ್ಣ ನಮಗೆ ಯಾರೋ ಬೇರೆಯವನಂತೆ ಕಾಣತೊಡಗಿದ.

ಆಗ ಬಂದವರು ಇಮಾಮಸಾಬರು. ಕೂಡ್ಲಿಗಿ ರಸ್ತೆಯ ಬೇವಿನ ಮರದ ಕೆಳಗೆ ಅವರದು ಫಟಫಟಿ, ಅಂದರೆ ಮೋಟಾರ್ ಸೈಕಲ್, ರಿಪೇರಿ ಮಾಡುವ ಅಂಗಡಿ. ಅಂಗಡಿ ಎಂದರೆ ಒಂದು ಪೆಟ್ಟಿಗೆ, ಒಂದು ಗೋಣಿತಟ್ಟು. ಪ್ರತಿ ವರ್ಷ ನಮ್ಮೂರು ಕೊಟ್ಟೂರಿನ ನಾಟಕದಲ್ಲಿ ಖಳನಾಯಕನ ಪಾತ್ರ ಅವರಿಗೇ ಮೀಸಲು. ಆ ಮೀಸೆಗೆ ಬೇರೆ ಪಾತ್ರ ಒಪ್ಪುತ್ತಲೂ ಇರಲಿಲ್ಲ. ಹೀಗಾಗಿ ಅವರೂ ಅಣ್ಣನ ಶಿಷ್ಯರೇ. ನಡುಮನೆಯಲ್ಲಿ ಕೂತು ಚಹಾ ಕುಡಿದು, ಅಣ್ಣನ ಕಾಲನ್ನು ಮೇಲಿಂದ ಕೆಳಗೆ, ಕೆಟ್ಟ ಗಾಡಿಯನ್ನು ನೋಡುವಂತೆ ನೋಡಿದರು. ಆಮೇಲೆ, ‘ಮಾಸ್ತರ್, ನಿಮಗೊಂದು ಕಾಲು ಮಾಡಿ ಕೊಡ್ತೀನಿ. ಪೇಟಿ ಕೆಳಗ ಇಳಸ್ರಿ’ ಎಂದರು. ಮಾಡಿದ ಮೇಲೆ ಇಳಿಸೋಣ ಎಂದ ಅಣ್ಣ.

ಅಲ್ಲಿಂದ ಶುರುವಾಯಿತು ನೋಡಿ ಆ ಸಾಹಸ. ಹೊಸ ಗಾಡಿಯಲ್ಲಿ ಗೇರು ಹಾಕುವುದು ಕಾಲಿನಿಂದ. ಇಂಗ್ಲಿಷರ ಕಾಲದ ಗಾಡಿಗಳಲ್ಲಿ ಟ್ಯಾಂಕಿನ ಪಕ್ಕದ ಕೋಲನ್ನು ಕೈಯಿಂದ ಎಳೆದು ಗೇರು ಹಾಕುತ್ತಿದ್ದರಂತೆ. ಹಿಂದಿನ ಬ್ರೇಕು ಎಡಗಾಲಿಗೆ. ಅಣ್ಣನ ಎಡಗಾಲು ಕಬ್ಬಿಣದಷ್ಟು ಗಟ್ಟಿ. ಹಾಗಾಗಿ ಇಮಾಮಸಾಬರಿಗೆ ಬೇಕಿದ್ದದ್ದು ಅಂಥ ಮುದಿ ಗಾಡಿ. ಆದರೆ ಇಡೀ ಗಾಡಿ ಎಲ್ಲಿ ಸಿಗಬೇಕು? ಒಂದೊಂದು ಊರಿನಲ್ಲಿ ಒಂದೊಂದು ಅಂಗ ಬಿದ್ದಿತ್ತು. ಚಾಸಿ, ಅಂದರೆ ಗಾಡಿಯ ಎಲುಬಿನ ಗೂಡು, ಸಿಕ್ಕಿದ್ದು ಹೂವಿನಹಡಗಲಿಯ ಒಂದು ತೋಟದಲ್ಲಿ. ಯಾರೋ ಎಂದೋ ಬಿಟ್ಟುಹೋದ ಆ ಕಬ್ಬಿಣದ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿ, ಎಲೆ ಸರಿಸದೆ ಗಾಡಿ ಕಾಣುವಂತಿರಲಿಲ್ಲ. ತೋಟದ ಗೌರಮ್ಮ, ಹೂವಿನ ಕಾಲ ಮುಗಿಯುವ ತನಕ ಬಳ್ಳಿಗೆ ಕೈ ಹಚ್ಚಕೂಡದು ಎಂದಳು. ಮುಗಿದ ಮೇಲೆ ಒಯ್ಯಿರಿ, ಗಾಡಿ ಕೆಟ್ಟ ಮೇಲೆ ತಿರುಗಿ ತಂದುಕೊಡಿ, ಬಳ್ಳಿಗೆ ಬೇಕು ಎಂದೂ ಹೇಳಿದಳು. ನಾವು ಕಾದೆವು. ನಮ್ಮ ಕಡೆಯ ಜನಕ್ಕೆ ಮಲ್ಲಿಗೆಯ ಮುಂದೆ ಮೋಟಾರು ಯಾವ ಲೆಕ್ಕ!

ಎಂಜಿನ್ನಿನ ಕಥೆ ಇನ್ನೂ ಚೆಂದ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಪುಣ್ಯಾತ್ಮ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಮೆಣಸಿನಕಾಯಿ ಕುಟ್ಟುವ ಯಂತ್ರಕ್ಕೆ ಜೋಡಿಸಿಕೊಂಡಿದ್ದ. ಕರೆಂಟು ಬಂದ ಮೇಲೆ ಅದನ್ನು ಮೂಲೆಗೆ ತಳ್ಳಿದ್ದ. ಗೇರಿನ ಕೋಲೂ ಅದರ ಜೊತೆಗೇ ಸಿಕ್ಕಿತು. ಹರಪನಹಳ್ಳಿಯ ಗುಜರಿಯಿಂದ ಟ್ಯಾಂಕು. ಚಕ್ರಗಳು ಬೇರೆ ಬೇರೆ ತಾಯಿಯ ಮಕ್ಕಳು: ಹಿಂದಿನದು ದೊಡ್ಡದು, ಮುಂದಿನದು ಸಣ್ಣದು. ಹೀಗಾಗಿ ಗಾಡಿ ಸದಾ ಯಾರಿಗೋ ಬಗ್ಗಿ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತಿತ್ತು. ಪೆಟ್ರೋಲು ಸೋರುವ ಒಂದು ಕಡೆಗೆ ಯಾವ ವಾಷರೂ ಕೂಡಲಿಲ್ಲ. ಆಗ ಅಣ್ಣ ತಾನಾಗಿಯೇ ಪೇಟಿಯನ್ನು ಅಟ್ಟದಿಂದ ಇಳಿಸಲು ಹೇಳಿ, ಅದರ ಗಾಳಿ ಊದುವ ತಿದಿಗೆ ತೇಪೆ ಹಾಕಲು ಇಟ್ಟಿದ್ದ ಮೇಕೆಯ ಚರ್ಮದಲ್ಲಿ ಒಂದು ಚೂರು ಕತ್ತರಿಸಿ ಕೊಟ್ಟ. ಅದು ಕೂತಿತು. ಗೇರಿನ ಕೋಲಿಗೆ ಹಿಡಿಕೆ ಇಲ್ಲವೆಂದು ಪೇಟಿಯ ಮುಂದೆ ಎಳೆಯುವ ಬಿಳಿ ಗುಂಡಿಗಳಲ್ಲಿ ಒಂದನ್ನು ಬಿಚ್ಚಿ ಕೊಟ್ಟ. ಅದೂ ಕೂತಿತು.

ಎಂಜಿನ್ ಮೊದಲ ಸಲ ಹೊತ್ತಿಕೊಂಡ ದಿನ ನಾನು ಅಲ್ಲಿದ್ದೆ. ಇಮಾಮಸಾಬರು ಕಿಕ್ಕರ್ ಒದ್ದರು. ಅದು ಕೆಮ್ಮಿತು, ಉಗುಳಿತು, ಆಮೇಲೆ ಹಿಡಿದುಕೊಂಡಿತು. ಕಾದ ಹಾಗೆಲ್ಲ ಅದರ ಸಂದಿಗೊಂದಿಗಳಲ್ಲಿ ಕೂತಿದ್ದ ಹಳೆಯ ಮೆಣಸಿನಪುಡಿ ಘಾಟೆದ್ದು, ಬೇವಿನ ಮರದ ಕೆಳಗಿದ್ದವರೆಲ್ಲ ಸೀನಿ ಸೀನಿ ಸುಸ್ತಾದೆವು. ಅಣ್ಣ ಮಾತ್ರ ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದ. ಇಮಾಮಸಾಬರು ಗಾಳಿಯ ತಿರುಪನ್ನು ತಿರುಗಿಸುತ್ತ, ‘ಈಗ ಹೆಂಗ್ರಿ ಮಾಸ್ತರ್?’ ಎಂದು ಕೇಳುವುದು. ಅಣ್ಣ, ‘ಕರಿ ಎರಡಕ್ಕ ಇನ್ನೂ ಬಂದಿಲ್ರಿ, ಗಾಳಿ ಕಮ್ಮಿ ಮಾಡ್ರಿ’ ಎನ್ನುವುದು. ಪೇಟಿಯ ಎರಡನೆಯ ಕರಿ ಕೀಲಿಯ ಸ್ವರಕ್ಕೆ ಎಂಜಿನ್ನನ್ನು ಕೂರಿಸಿದರು ಅವರಿಬ್ಬರೂ! ಮಲ್ಲಿಗೆಯ ಚಪ್ಪರ, ಮೆಣಸಿನಕಾಯಿಯ ಯಂತ್ರ, ಗುಜರಿಯ ತಗಡು, ಎಲ್ಲ ಕೂಡಿ ಒಂದೇ ಉಸಿರಾಡುತ್ತಿದ್ದವು. ನನಗೆ ಮೈ ಜುಮ್ಮೆಂದಿತು. ಈಗ ಬರೆಯುವಾಗಲೂ ಜುಮ್ಮೆನ್ನುತ್ತದೆ.

ನಾಲ್ಕಾರು ದಿನ ಇಮಾಮಸಾಬರು ಹಿಂದೆ ಕೂತು ಕಲಿಸಿದರು. ಆಮೇಲೊಂದು ಮುಂಜಾನೆ ಅಣ್ಣ ಒಬ್ಬನೇ ಹೊರಟ. ಊರ ಹೊರಗಿನ ತನಕ ಹೋಗಿ ತಿರುಗಿ ಬರುವುದೆಂದು ಮಾತು. ಹೋದವನು ಬರಲೇ ಇಲ್ಲ. ಅವ್ವ ಬಾಗಿಲಲ್ಲಿ, ನಾನು ರಸ್ತೆಯಲ್ಲಿ. ಇಮಾಮಸಾಬರು ನಟ್ಟು ಬಿಗಿಯುವ ಪಾನಾ ಹಿಡಿದು ನಿಂತವರು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು. ಕಿಕ್ಕರ್ ಇದ್ದದ್ದು ಬಲಗಡೆಗೆ! ಗೇರು, ಬ್ರೇಕು, ಕ್ಲಚ್ಚು ಎಲ್ಲವನ್ನೂ ಅಣ್ಣನಿಗೆ ಹೊಂದಿಸಿದ್ದರು. ಆದರೆ ದಿನಾಲೂ ಗಾಡಿ ಚಾಲೂ ಮಾಡುತ್ತಿದ್ದವರು ತಾವೇ ಆದ್ದರಿಂದ, ಅಣ್ಣ ಅದನ್ನು ಹೇಗೆ ಒದೆಯುತ್ತಾನೆ ಎಂಬುದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ದಾರಿಯಲ್ಲಿ ಎಂಜಿನ್ ನಿಂತರೆ ಮುಗಿಯಿತು.

ಅಷ್ಟರಲ್ಲಿ ಹರಪನಹಳ್ಳಿಯ ಬಸ್ಸು ಬಂತು. ಓಡುವ ಬಸ್ಸಿಗೆ ಹಾರಿದೆ. ಸ್ವಲ್ಪ ದೂರದಲ್ಲೇ ಅಣ್ಣ ಕಂಡ. ಕುರಿಹಿಂಡು ಅಡ್ಡ ಬಂದು ಗಾಡಿ ನಿಲ್ಲಿಸಿದ್ದನಂತೆ, ಎಂಜಿನ್ ಆರಿಹೋಗಿತ್ತು. ಜೋಳದ ಹೊಲದ ಪಕ್ಕ, ಎಡಗಾಲನ್ನು ನೆಲಕ್ಕೆ ಊರಿ, ಗಾಡಿಯ ಮೇಲೆ ಹಾಗೆಯೇ ಕೂತಿದ್ದ. ಬಸ್ಸು ನಿಂತಿತು. ಮಾಸ್ತರನ್ನು ಗುರುತಿಸದವರು ಯಾರು? ಬಸ್ಸಿನ ಅರ್ಧ ಜನ ಇಳಿದರು. ಗಾಡಿಯನ್ನು ಬಸ್ಸಿನ ಮೇಲೆ ಕಟ್ಟೋಣ, ಮಾಸ್ತರನ್ನು ಎತ್ತಿ ಸೀಟಿಗೆ ಕೂರಿಸೋಣ ಎಂದು ಆಗಲೇ ತೋಳು ಏರಿಸಿದ್ದರು. ಎಷ್ಟು ಒಳ್ಳೆಯ ಜನ ಅವರು! ನಾನೇ ಎಲ್ಲರಿಗಿಂತ ಮುಂದೆ ಓಡಿ, ರೂಢಿಯಂತೆ ಅವನ ಕಂಕುಳಿಗೆ ಕೈ ಹಾಕಿದೆ.

ಅಣ್ಣ ನನ್ನ ಕೈ ಹಿಡಿದು ತೆಗೆದ. ಧ್ವನಿ ಏರಿಸಲಿಲ್ಲ.

‘ಎತ್ತಬ್ಯಾಡಲೇ ತಮ್ಮಾ. ಇವತ್ತು ಎತ್ತಿದಿ ಅಂದ್ರ ನಾ ಮತ್ತ ಪೇಟಿ ಮುಟ್ಟಂಗಿಲ್ಲ. ಬಾಜೂಕ ನಿಂದ್ರು, ಅಷ್ಟ ಸಾಕು.’

ನಿಂತೆ. ಅವನು ತಾನೇ ಇಳಿದು, ಗಾಡಿಗೆ ಸ್ಟ್ಯಾಂಡು ಹಾಕಿ, ಅದನ್ನೇ ಹಿಡಿಹಿಡಿದುಕೊಂಡು ಬಲಮಗ್ಗುಲಿಗೆ ಬಂದ. ಒಂದು ಕೈ ಹ್ಯಾಂಡಲಿನ ಮೇಲೆ, ಒಂದು ಕೈ ಪಕ್ಕದಲ್ಲಿ ನಿಂತ ನನ್ನ ಹೆಗಲ ಮೇಲೆ. ಮೈಯ ಭಾರವನ್ನೆಲ್ಲ ಹೆಗಲಿಗೆ ಕೊಟ್ಟು, ನೆಲದ ಮೇಲಿದ್ದ ಕಬ್ಬಿಣದಂಥ ಎಡಗಾಲನ್ನು ಎತ್ತಿ ಕಿಕ್ಕರ್ ಒದ್ದ. ಹೊತ್ತಲಿಲ್ಲ. ಮತ್ತೆ ಒದ್ದ, ಬಲಗಾಲು ಮಡಚಿಕೊಂಡು ಕುಸಿದ. ಬಸ್ಸಿನವರು ಅಯ್ಯೋ ಎಂದು ಮುಂದೆ ಬಂದರು. ಡ್ರೈವರ್ ಎಲ್ಲರನ್ನೂ ಕೈ ಅಡ್ಡ ಹಿಡಿದು ತಡೆದ. ಎತ್ತಬೇಕೆಂದು ನನ್ನ ಕೈಗಳು ಚಡಪಡಿಸುತ್ತಿದ್ದವು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಲ್ಲ, ಸುಮ್ಮನೆ ನಿಲ್ಲುವುದು. ಅಣ್ಣ ನನ್ನ ಹೆಗಲು ಹಿಡಿದು ತಾನೇ ಎದ್ದ, ಮಣ್ಣು ಕೊಡವಿಕೊಂಡ, ಮತ್ತೊಮ್ಮೆ ಒದ್ದ. ಕರಿ ಎರಡರ ಸ್ವರ ಎದ್ದಿತು. ಜೊತೆಗೆ ಮೆಣಸಿನಕಾಯಿ ಘಾಟು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ಒಳ್ಳೆಯ ಸಬೂಬು ಸಿಕ್ಕಿತು.

ಅವನು ಎಡಗಡೆಗೆ ಹೋಗಿ, ಬಲಗಾಲನ್ನು ಕೈಯಿಂದ ಎತ್ತಿ ಆಚೆ ಹಾಕಿ ಕೂತ. ಗಾಡಿಯನ್ನು ಸ್ಟ್ಯಾಂಡಿನಿಂದ ಮುಂದಕ್ಕೆ ತಳ್ಳಿ, ತಿರುಗಿ ನನ್ನ ಕಡೆ ನೋಡಿದ.

‘ಹತ್ತಲೇ’ ಎಂದ.

ಹತ್ತಿದೆ. ಬುದ್ಧಿ ಬಂದಾಗಿನಿಂದ ಹೊತ್ತುಕೊಂಡು ತಿರುಗಿದವನ ಹಿಂದೆ ಕೂತು, ಅವನ ನಡು ಹಿಡಿದುಕೊಂಡೆ. ಹೊಲಗಳು ಹಿಂದಕ್ಕೆ ಓಡಿದವು. ಅಣ್ಣನ ಬೆನ್ನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಎಷ್ಟು ಅಗಲದ ಬೆನ್ನು ಮಾರಾಯ್ರೇ ಅದು! ಮನೆ ಮುಟ್ಟಿದಾಗ ಅವ್ವ ಗಾಡಿಗೆ ಆರತಿ ಬೆಳಗಿದಳು, ಇಮಾಮಸಾಬರು ಪಾನಾವನ್ನು ಕಣ್ಣಿಗೆ ಒತ್ತಿಕೊಂಡರು. ಬರುವ ವಾರ ಕಿಕ್ಕರ್ ಎಡಕ್ಕೆ ತರುತ್ತೇನೆ ಎಂದು ಅವರು ಹೇಳಿದರು, ಕೊನೆಯವರೆಗೂ ಹೇಳುತ್ತಲೇ ಇದ್ದರು. ಅಣ್ಣ ಬೇಡ ಎಂದ. ಪೇಟಿ ಬಾರಿಸಲು ಯಾವ ಊರಿಗೆ ಹೋದರೂ ಅವನು ಹೊರಡುವ ಹೊತ್ತಿಗೆ ಶಿಷ್ಯನೊಬ್ಬ ಬಂದು ಬಾಜೂಕ ನಿಲ್ಲುತ್ತಿದ್ದ. ಯಾರು ನಿಲ್ಲಬೇಕೆಂದು ಜಗಳಗಳೂ ಆದವಂತೆ.

ಅಣ್ಣ ಹೋಗಿ ಈಗ ಬಹಳ ವರ್ಷವಾಯಿತು. ಚಾಸಿಯನ್ನು ಮಾತಿನಂತೆ ಗೌರಮ್ಮನ ತೋಟಕ್ಕೆ ಮುಟ್ಟಿಸಿದೆವು. ಬಿಳಿ ಗುಂಡಿ ನನ್ನ ಹತ್ತಿರ ಇದೆ.

ಹೋದ ವಾರ ಕೊಟ್ಟೂರಿನಿಂದ ಹಡಗಲಿಗೆ ತಿರುಗಿ ಬರುವಾಗ ದಾರಿಯುದ್ದಕ್ಕೂ ಇದೇ ನೆನಪು. ಬಸ್ಸು ನಿಂತಿತು. ನಾನು ಮತ್ತೆ ಅದೇ ಕೊನೆಯ ಮೆಟ್ಟಿಲಿಗೆ ಬಂದು ನಿಂತೆ. ಕೆಳಗಿದ್ದ ಕಂಡಕ್ಟರ್ ಪಾಪ, ಚೀಲವನ್ನು ಬಗಲಿಗೆ ಸರಿಸಿ ಎರಡೂ ಕೈ ಚಾಚಿದ. ಎತ್ತಬೇಡಪ್ಪ, ಬಾಜೂಕ ನಿಂತರೆ ಸಾಕು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ನಿಂತ. ಅವನ ಹೆಗಲ ಮೇಲೆ ಕೈ ಇಟ್ಟು, ಎಡಗಾಲನ್ನು ಕೆಳಗಿಟ್ಟೆ, ಆಮೇಲೆ ಬಲಗಾಲು. ಹಿಂದಿನವರು ಬೇಗ ಬೇಗ ಎಂದು ಗೊಣಗುತ್ತಿದ್ದರು. ನಾನು ಇಳಿದಿದ್ದೆ.